ಪಾಪಮ್ಮನ ಬೇಲಿಯ ಮೇಲೆ ನಮ್ಮೂರಿನ ಮುಖಗಳು

ಕಳಸದ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟುಕೊಂಡಿರುವ ವಿಶ್ವನಾಥ್, ಮೂಕಾಂಬಿಕಾ ಅವರನ್ನು ಬೆಳ್ಳಗೆ ಮಾಡಿದ. ಕೇಳದೆಯೇ ಮಾಡಿದ. ಪಿಂಚಣಿಯ ಕಾಗದಪತ್ರಕ್ಕೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಹೋಗಿದ್ದ ಅರವತ್ತೆರಡು ವರ್ಷದ ಹೆಂಗಸು, ಹುಟ್ಟಿದಂದಿನಿಂದ ಹುರಿದ ಕಾಫಿಬೀಜದ ಬಣ್ಣದವರು, ಕವರು ಬಿಚ್ಚಿ ನೋಡಿದರೆ ಮೈದಾ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗಿದ್ದರು. ಮೂಗಿನ ಪಕ್ಕದ ನರುಲಿಯೂ ಮಾಯವಾಗಿತ್ತು.

"ಇದು ಯಾರು?"

"ನೀವೇ ಮೇಡಂ. ಸ್ವಲ್ಪ ಟಚಪ್ ಮಾಡಿದೀನಿ."

"ನಾನು ಕೇಳಿದ್ನಾ?"

"ಕೇಳೋದೆಂತ ಮೇಡಂ, ಅದು ಫ್ರೀ."

ಬ್ಯಾಂಕಿನ ಕೌಂಟರಿನಲ್ಲಿದ್ದ ಹೊಸ ಹುಡುಗಿ ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿ, "ನಿಮ್ಮ ತಂಗೀನಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಮೂಕಾಂಬಿಕಾ ಬ್ಯಾಂಕಿನ ಮೆಟ್ಟಿಲ ಮೇಲೆಯೇ ನಿಂತು, ಮೂಡಿಗೆರೆಯಲ್ಲಿರುವ ತಮ್ಮನ ಮಗಳು ಮಾಲವಿಕಾಗೆ ಫೋನ್ ಮಾಡಿದರು. ಮನೆಯಲ್ಲೇ ಫೋಟೋ ತೆಗೆಯುವ ಮಷೀನು ಒಂದು ಬೇಕು, ಬೇಗ ಬೇಕು. ಹೀಗೆ ಆ ಫೋಟೋ ಪ್ರಿಂಟರ್ ನಮ್ಮೂರಿಗೆ ಬಂದದ್ದು ಸಿಟ್ಟಿನಿಂದ.

ಮೂಕಾಂಬಿಕಾ ಯಾರೆಂದು ಇಲ್ಲೇ ಹೇಳಿಬಿಡುತ್ತೇನೆ. ಎಂಬತ್ತೆರಡನೇ ಇಸವಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದವರು. ಆಗ ಟೆಲಿಫೋನ್ ಎಂದರೆ ಮೂಕಾಂಬಿಕಾ. ಮಲ್ಲಂದೂರಿಗೋ ಮೂಡಿಗೆರೆಗೋ ಮಾತಾಡಬೇಕಿದ್ದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಅವರು ತಂತಿ ಸಿಕ್ಕಿಸಿ, ಎರಡೂ ಕಡೆಯವರ ದನಿ ಕೇಳುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡು ಮಾತಾಡಲು ಬಿಡಬೇಕು. ಖಾತ್ರಿ ಮಾಡಿಕೊಳ್ಳುವಾಗ ಅವರ ಕಿವಿಗೆ ಏನೇನು ಬೀಳುತ್ತಿತ್ತೋ ದೇವರಿಗೇ ಗೊತ್ತು. ಅವರು ದೇವರಿಗೂ ಹೇಳಿರಲಿಕ್ಕಿಲ್ಲ. ಯಾರ ನಿಶ್ಚಿತಾರ್ಥ ಯಾಕೆ ಮುರಿಯಿತು, ಯಾವ ಸಾಹುಕಾರರು ಚಿಕ್ಕಮಗಳೂರಿನಲ್ಲಿ ಯಾರ ಮನೆಗೆ ಫೋನ್ ಮಾಡುತ್ತಿದ್ದರು, ಎಲ್ಲವೂ ಆ ತಲೆಯೊಳಗೆ ಹೋಗಿ ಬೀಗ ಹಾಕಿಕೊಂಡಿತು. ಹೆಸರಿನಲ್ಲೇ ಮೂಕ ಇದೆ ಎಂದು ಊರವರು ನಗುತ್ತಿದ್ದರು. ಹಾಗೆಂದು ಮಾತಾಡದವರಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಲೈನ್ ಬ್ಯುಸಿ ಇತ್ತು" ಎನ್ನುತ್ತಿದ್ದರು. ಇನ್ನೊಬ್ಬರ ವಿಷಯ ಮಾತ್ರ ಆಡುತ್ತಿರಲಿಲ್ಲ.

ಮಷೀನು ಬಂದದ್ದು ಬಿಸ್ಕತ್ತಿನ ಡಬ್ಬದಷ್ಟು ಗಾತ್ರದ್ದು. ಮಾಲವಿಕಾ ಬಂದು ಕೂರಿಸಿಕೊಟ್ಟಳು. "ಇದರಲ್ಲಿ ಶಾಯಿ ಇಲ್ಲ ಅತ್ತೆ. ಬಣ್ಣದ ರಿಬ್ಬನ್ ಇರುತ್ತೆ. ಬಿಸಿ ತಾಗಿದ ಕಡೆ ಬಣ್ಣ ಆವಿಯಾಗಿ ಕಾಗದಕ್ಕೆ ಇಳಿಯುತ್ತೆ. ನೀರು ಬಿದ್ರೂ ಹೋಗಲ್ಲ, ಬೂಸ್ಟೂ ಬೇಗ ಹಿಡಿಯಲ್ಲ." ಆರು ತಿಂಗಳು ಚಪ್ಪಲಿಗೂ ಬೂಸ್ಟು ಬರುವ ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೊದಲ ಫೋಟೋ ತೆಗೆಯುವಾಗ ಪಕ್ಕದ ಮನೆಯ ಪಾಪಮ್ಮ ಇದ್ದರು. ರಸ್ತೆಯಂಚಿಗೆ ಅರ್ಧ ಎಕರೆಯಲ್ಲಿ ತರಕಾರಿ ಬೆಳೆಯುವವರು, ಕರೆಯದೆಯೂ ಬರುವವರು. ಕಾಗದ ಮೊದಲ ಸಲ ಹೊರಗೆ ಬಂದಾಗ ಅದರಲ್ಲಿದ್ದ ಮೂಕಾಂಬಿಕಾ ಹಳದಿಯಾಗಿದ್ದರು.

"ಅಯ್ಯೋ, ಕಾಮಾಲೆ!" ಎಂದರು ಪಾಪಮ್ಮ.

ಕಾಗದ ತಾನಾಗಿ ಒಳಗೆ ಹೋಯಿತು. ಎರಡನೇ ಸಲ ಬಂದಾಗ ಕೆಂಪೂ ಸೇರಿತ್ತು. "ಈಗ ಕುಡಿದು ಬಂದ ಹಾಗಿದೆ." ಮೂರನೇ ಸಲ ನೀಲಿ ಕೂಡಿಕೊಂಡು, ಕಪ್ಪು ಕಪ್ಪಾಗಿ, ನರುಲಿ ನರುಲಿಯಾಗಿ, ಸಾಕ್ಷಾತ್ ಮೂಕಾಂಬಿಕಾ ಬಂದರು. ನಾಲ್ಕನೇ ಸಲ ಹೋಗಿ ಮೇಲೊಂದು ಹೊಳಪಿನ ಪದರ ಹಾಕಿಸಿಕೊಂಡು ಬಂತು.

"ಒಂದು ಮನುಷ್ಯ ಆಗೂದಕ್ಕೆ ಒಂದೇ ನಿಮಿಷ ಸಾಕಾ ಮಾರಾಯ್ತಿ?" ಪಾಪಮ್ಮನಿಗೆ ಆರು ಮಕ್ಕಳು.

ಮೂಕಾಂಬಿಕಾ ಬಾಗಿಲಿಗೆ ಒಂದು ರಟ್ಟು ತೂಗಿಹಾಕಿದರು: "ಇಲ್ಲಿ ಫೋಟೋ ಇದ್ದ ಹಾಗೆ ಬರುತ್ತದೆ. ಇಷ್ಟವಿಲ್ಲದವರು ಬರಬೇಡಿ." ಇಂಥ ಬೋರ್ಡು ನೋಡಿ ಯಾರು ಬರುತ್ತಾರೆ ಎಂದು ವಿಶ್ವನಾಥ್ ನಕ್ಕ. ಆದರೆ ಜನ ಬಂದರು. ಬಂದದ್ದು ಫೋಟೋದ ಚಂದಕ್ಕಲ್ಲ. ವಿಶ್ವನಾಥನ ಅಂಗಡಿಯಲ್ಲಿ ಯಾರ ಫೋಟೋ ಪ್ರಿಂಟಾದರೂ ಸಂಜೆಯೊಳಗೆ ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತು. ಮೂಕಾಂಬಿಕಾ ಮನೆಯಲ್ಲಾದರೆ ಗೋಡೆಗೂ ಗೊತ್ತಾಗುವುದಿಲ್ಲ. ಆದ್ದರಿಂದ ಊರಿನಲ್ಲಿ ಯಾರಿಗೂ ತೋರಿಸಬಾರದ ಫೋಟೋ ಏನೇನಿತ್ತೋ ಅದೆಲ್ಲ ಒಂದೊಂದಾಗಿ ಅಲ್ಲಿಗೆ ಹೋಗತೊಡಗಿತು.

ಗಣಪಯ್ಯ ಹೋದರು. ಅಡಿಕೆ, ಕಾಫಿ ಎರಡೂ ಇರುವವರು, ದೇವಸ್ಥಾನದ ಸಮಿತಿಯವರು. ಹಿಂದಿನ ವರ್ಷ ಭಾವನ ಜೊತೆ ಕಾಶಿಗೆ ಹೋಗಿ ಬಂದು, ಊರಿನ ಮನೆಮನೆಗೆ ಪುಟ್ಟ ಬಾಟಲಿಯಲ್ಲಿ ಗಂಗಾಜಲ ಹಂಚಿದ್ದರು. ಅವರು ಫೋನ್ ಕೊಟ್ಟು "ಇದೊಂದು" ಎಂದರು. ಮೂಕಾಂಬಿಕಾ ಫೋಟೋ ನೋಡಿದರು, ಗಣಪಯ್ಯನವರನ್ನು ನೋಡಿದರು.

"ಎಷ್ಟು ಕಾಪಿ?"

"ಒಂದೇ ಸಾಕು."

ಅಲ್ಲಿಗೆ ಮಾತು ಮುಗಿಯಿತು.

ಪರಮೇಶ್ವರಪ್ಪನವರೂ ಹೋದರು. ಎಪ್ಪತ್ತಾರು ವರ್ಷ, ದೊಡ್ಡ ಎಸ್ಟೇಟು, ಗಟ್ಟಿ ದನಿ. ಅವರ ಫೋನಿನಲ್ಲಿದ್ದದ್ದು ಅವರದೇ ಫೋಟೋ. ಮೇಲೆ "ಶ್ರದ್ಧಾಂಜಲಿ" ಎಂದಿತ್ತು, ಕೆಳಗೆ ಜನನದ ತಾರೀಖಿತ್ತು, ಅದರ ಮುಂದೆ "ಮರಣ" ಎಂದು ಬರೆದು ಚುಕ್ಕಿ ಚುಕ್ಕಿ ಹಾಕಿತ್ತು.

"ನಾನು ಹೋದ್ಮೇಲೆ ಮಕ್ಕಳು ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕ್ತಾರೆ. ಅದ್ರಲ್ಲಿ ನಾನು ಕೋಳಿ ಕದ್ದು ಸಿಕ್ಕಿಬಿದ್ದವನ ಹಾಗಿದೀನಿ. ಇದು ಮಾಡಿಕೊಡಿ, ಬೀರುವಲ್ಲಿ ಇಟ್ಟಿರ್ತೀನಿ."

"ಡೇಟು?"

"ಅದು ಅವರೇ ಪೆನ್ನಲ್ಲಿ ಬರ್ಕೊಳ್ಳಿ. ಎಲ್ಲಾನೂ ನಾನೇ ಮಾಡೋಕಾಗುತ್ತಾ?"

"ಇದರ ಮೇಲೆ ಬಾಲ್‌ಪೆನ್ ಹತ್ತಲ್ಲ. ಮಾರ್ಕರ್ ತಂದಿಡಿ," ಎಂದರು ಮೂಕಾಂಬಿಕಾ.

ಆ ರಿಬ್ಬನ್ನಿನ ಒಂದು ಗುಣ ಮಾತ್ರ ಮೂಕಾಂಬಿಕಾ ಅವರಿಗೆ ಗೊತ್ತಿರಲಿಲ್ಲ. ರಿಬ್ಬನ್ನಿನ ಬಣ್ಣ ಕಾಗದಕ್ಕೆ ಇಳಿದಷ್ಟೂ ರಿಬ್ಬನ್ನಿನಲ್ಲಿ ಕಡಿಮೆಯಾಗುತ್ತದಲ್ಲ, ಆ ಕಡಿಮೆಯಾದ ಜಾಗದಲ್ಲಿ ಫೋಟೋದ ಪಡಿಯಚ್ಚು ಉಳಿಯುತ್ತದೆ. ಹಳದಿಯಲ್ಲೊಂದು, ಕೆಂಪಿನಲ್ಲೊಂದು, ನೀಲಿಯಲ್ಲೊಂದು. ತೆಗೆದ ಪ್ರತಿಯೊಂದು ಫೋಟೋವನ್ನೂ ಆ ಮಷೀನು ಮೂರು ಮೂರು ಸಲ ಬರೆದಿಟ್ಟುಕೊಂಡಿತ್ತು. ಖಾಲಿಯಾದ ರಿಬ್ಬನ್ ಡಬ್ಬಿಗಳನ್ನು ಅವರು ಸೌದೆ ಕೊಟ್ಟಿಗೆಯ ಚೀಲಕ್ಕೆ ಎಸೆಯುತ್ತಿದ್ದರು. ಒಂದೂವರೆ ವರ್ಷದಲ್ಲಿ ಚೀಲ ತುಂಬಿತು.

ಪಾಪಮ್ಮನಿಗೆ ಆಗ ನವಿಲಿನ ಕಾಟ. ನವಿಲನ್ನು ರಾಷ್ಟ್ರಪಕ್ಷಿ ಎಂದು ತೀರ್ಮಾನ ಮಾಡಿದವರು ಯಾರೂ ಬೀನ್ಸ್ ಬೆಳೆದವರಲ್ಲ. ಕೈ ಮಾಡುವ ಹಾಗಿಲ್ಲ, ಕಲ್ಲು ಹೊಡೆಯುವ ಹಾಗಿಲ್ಲ, ಅವು ಬಂದು ಮೊಳಕೆಯನ್ನೆಲ್ಲ ಕುಕ್ಕಿ ಹೋಗುತ್ತಿದ್ದವು. ಗಾಳಿಗೆ ಪಟಪಟ ಅನ್ನುವ, ಬಿಸಿಲಿಗೆ ಮಿಂಚುವ ಏನಾದರೂ ಕಟ್ಟಬೇಕು. ಮೂಕಾಂಬಿಕಾ ಮೂರು ದಿನಕ್ಕೆಂದು ಮೂಡಿಗೆರೆಗೆ ತಮ್ಮನ ಮನೆಗೆ ಹೊರಟಾಗ ಪಾಪಮ್ಮ ಕೇಳಿದರು, "ಆ ಚೀಲದಲ್ಲಿರೂದು ಬೇಕಾ?"

"ಕಸ. ಬೇಕಾದ್ರೆ ತಗೊ."

ಭಾನುವಾರ ಸಂಜೆ ಪಾಪಮ್ಮ ಡಬ್ಬಿಗಳನ್ನು ಕತ್ತಿಯಲ್ಲಿ ಒಡೆದು, ಒಳಗಿನ ಸುರುಳಿ ಬಿಚ್ಚಿ, ಗೂಟದಿಂದ ಗೂಟಕ್ಕೆ ಬೇಲಿಯುದ್ದಕ್ಕೂ ಕಟ್ಟಿದರು. ಅವರಿಗೆ ಕನ್ನಡಕವಿಲ್ಲದೆ ಹತ್ತಿರದ್ದು ಕಾಣುವುದಿಲ್ಲ. ಬಣ್ಣಬಣ್ಣದ ಪ್ಲಾಸ್ಟಿಕ್ಕು ಎಂದಷ್ಟೇ ಗೊತ್ತು. ಸೋಮವಾರ ಬೆಳಗ್ಗೆ ಏಳು ಗಂಟೆಗೆ ಗುಡ್ಡದ ಮೇಲಿಂದ ಬಿಸಿಲು ನೇರ ಬೇಲಿಗೆ ಬಿತ್ತು. ಆ ರಸ್ತೆಯಲ್ಲೇ ಎಲ್ಲರೂ ಡೈರಿಗೆ ಹಾಲು ಕೊಂಡು ಹೋಗುವುದು.

ನಾನೂ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದೆ. ಬೇಲಿಯ ಮುಂದೆ ಏಳೆಂಟು ಜನ ನಿಂತಿದ್ದರು. ಹತ್ತಿರ ಹೋದರೆ ನಮ್ಮೂರೇ ಅಲ್ಲಿ ತೂಗಾಡುತ್ತಿತ್ತು. ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಬಣ್ಣ; ತಲೆ ನರೆತವರೆಲ್ಲ ಒಂದು ಚೌಕದಲ್ಲಿ ಹಳದಿ ಕೂದಲು, ಮುಂದಿನದರಲ್ಲಿ ಕೆಂಪು ಕೂದಲು, ಅದರ ಮುಂದಿನದರಲ್ಲಿ ನೀಲಿ ಕೂದಲು ಬಿಟ್ಟುಕೊಂಡು ನಗುತ್ತಿದ್ದರು. ಆದರೂ ಯಾರು ಯಾರೆಂದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ನನ್ನದೂ ಇತ್ತು. ನನ್ನದು ಬರೀ ಪಾಸ್‌ಪೋರ್ಟ್ ಫೋಟೋ, ಬಾಯಿ ಸ್ವಲ್ಪ ತೆರೆದಿತ್ತು, ಅಷ್ಟೇ.

ಗಣಪಯ್ಯನವರದು ಅಷ್ಟೇ ಆಗಿರಲಿಲ್ಲ. ಅವರು ಹೂವಿನ ಚಡ್ಡಿ ಹಾಕಿಕೊಂಡು, ಸಮುದ್ರದ ಮೇಲೆ ಬಾಳೆಹಣ್ಣಿನ ಆಕಾರದ ದೋಣಿಯೊಂದನ್ನು ಏರಿ, ಎರಡೂ ಕೈ ಮೇಲೆತ್ತಿ ಕಿರುಚುತ್ತಿದ್ದರು. ದೋಣಿಯ ಮೇಲೆ ಗೋವಾ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮೂಲೆಯಲ್ಲಿ ತಾರೀಖೂ ಇತ್ತು, ಅವರು ಕಾಶಿಯಲ್ಲಿದ್ದ ವಾರದ್ದು.

ಪಾಪಮ್ಮ ಯಾರದೋ ಕನ್ನಡಕ ಇಸಿದುಕೊಂಡು ಬಹಳ ಹೊತ್ತು ನೋಡಿದರು. "ಅದಕ್ಕೇ ಅನ್ಸುತ್ತೆ ಮಾರಾಯ, ಗಂಗೆ ಸ್ವಲ್ಪ ಉಪ್ಪುಪ್ಪು ಇತ್ತು," ಎಂದರು.

ಅಷ್ಟರಲ್ಲಿ ಸ್ಕೂಟರಿನಲ್ಲಿ ವಿಶ್ವನಾಥ್ ಬಂದ. ಅವನ ಕಸುಬಿನ ಕಣ್ಣು ಮೊದಲು ಹಿಡಿದದ್ದು ಮೂಕಾಂಬಿಕಾ ಅವರದೇ ಒಂದು ಫೋಟೋ. ಯಾವುದೋ ಮಧ್ಯಾಹ್ನ ಯಾರೂ ಇಲ್ಲದಾಗ ತೆಗೆದದ್ದಿರಬೇಕು. ಅದರಲ್ಲಿ ನರುಲಿ ಇರಲಿಲ್ಲ. ಕೆನ್ನೆ ನುಣುಪಾಗಿತ್ತು. "ಮಷೀನಲ್ಲಿ ಮುಖ ನುಣುಪು ಮಾಡೋ ಬಟನ್ ಇರುತ್ತೆ," ಎಂದ ವಿಶ್ವನಾಥ್, ಪದಕ ಸಿಕ್ಕವನ ಹಾಗೆ ಸುತ್ತ ನೋಡುತ್ತ. "ಮೇಡಂ ಬಟನ್ ಒತ್ತಿದ್ದಾರೆ!" ಮೂರು ಸಲ ಹೇಳಿದ. ಫೋನ್ ತೆಗೆದು ಬೇಲಿಯ ಆ ತುದಿಯಿಂದ ಈ ತುದಿಯವರೆಗೆ ಫೋಟೋ ಹೊಡೆದುಕೊಳ್ಳುತ್ತ ಬಂದವನು ಪರಮೇಶ್ವರಪ್ಪನವರ ಮುಂದೆ ನಿಂತುಬಿಟ್ಟ.

"ಶ್ರದ್ಧಾಂಜಲಿ," ಎಂದು ಓದಿದ. ಮುಖ ಬದಲಾಯಿತು. "ಇದು ಯಾವಾಗ?"

ಮರಣದ ಮುಂದಿನ ಚುಕ್ಕಿಗಳ ಮೇಲೆ ರಿಬ್ಬನ್ ಮಡಿಸಿಕೊಂಡಿತ್ತು. ಬಿಡಿಸಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ.

"ಇಪ್ಪತ್ತು ವರ್ಷದಿಂದ ಫೋಟೋ ಹಾಕ್ತಿದೀನಿ. ಇಂಥದ್ದನ್ನ ಯಾರೂ ಮುಂಚೆನೇ ಹಾಕಿಸಲ್ಲ," ಎಂದ ವಿಶ್ವನಾಥ್. ಎರಡು ನಿಮಿಷದಲ್ಲಿ ಊರಿನ ವಾಟ್ಸ್ಯಾಪ್ ಗುಂಪಿಗೆಲ್ಲ ಓಂ ಶಾಂತಿ ಬಂತು.

ಒಂಬತ್ತು ಗಂಟೆಯೊಳಗೆ ಹನ್ನೊಂದು ಜೀಪು ಎಸ್ಟೇಟಿನ ಕಡೆ ಹೊರಟವು. ನಮ್ಮ ಜೀಪಿನಲ್ಲಿ ಮುಂದಿನ ಸೀಟಿಗೆ ಗಣಪಯ್ಯ ಹತ್ತಿದರು, ಸೇವಂತಿಗೆ ಹಾರದ ಜೊತೆ. ಅವರು ಬೇಲಿಯ ಕಡೆ ಬಂದಿರಲಿಲ್ಲ. ಹಿಂದೆ ಕೂತ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ, ಸಾವಿನ ಮನೆಗೆ ಹೋಗುವಾಗ ಇರಬೇಕಾದ ಗಾಂಭೀರ್ಯವನ್ನು ಹಲ್ಲು ಕಚ್ಚಿ ಇಟ್ಟುಕೊಂಡಿದ್ದೆವು. ಎಸ್ಟೇಟಿನ ಗೇಟು ಬಂದದ್ದೇ ಗಣಪಯ್ಯ "ಅಯ್ಯೋ, ಎಂಥಾ ಮನುಷ್ಯ!" ಎಂದು ಗಟ್ಟಿಯಾಗಿ ಅಳಲು ಶುರುಮಾಡಿದರು.

ಪರಮೇಶ್ವರಪ್ಪನವರು ಜಗಲಿಯಲ್ಲಿ ಕೂತು ಕಡುಬು ತಿನ್ನುತ್ತಿದ್ದರು. ಕೈಯಲ್ಲಿದ್ದ ಕಡುಬನ್ನು ಬಾಯಿಗಿಟ್ಟುಕೊಂಡು, ಅಗಿದು ನುಂಗಿ, "ಯಾರಪ್ಪಾ ಹೋಗಿದ್ದು?" ಎಂದು ಕೇಳಿದರು.

ಹಿಂದಿನ ಜೀಪಿನಿಂದ ಇಳಿದ ಯಾರೋ, "ನೀವೇ," ಎಂದರು.

"ನಾನಾ? ಯಾವಾಗ?"

ವಿಶ್ವನಾಥ್ ಫೋನ್ ತೆರೆದು ಕೊಟ್ಟ. ಪರಮೇಶ್ವರಪ್ಪನವರ ಹೆಂಡತಿ ಪ್ರೇಮಕುಮಾರಿ ಒಳಗಿಂದ ಬಂದು, ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ನನಗೆ ಹೇಳದೆ ಸಾಯೋ ಫೋಟೋ ತೆಗೆಸಿದ್ರಾ? ಅದೂ ಆ ತೂತು ಬಿದ್ದ ಸ್ವೆಟರಿನಲ್ಲಿ!" ಎಂದು ಕೂಗಿದರು. "ನಾಳೆ ಜನ ಎಂತ ಹೇಳ್ತಾರೆ? ಹೆಂಡ್ತಿ ಒಂದು ಸ್ವೆಟರ್ ಹೆಣೆದು ಕೊಡ್ಲಿಲ್ಲ ಅಂತಾರೆ!"

ಪರಮೇಶ್ವರಪ್ಪನವರು ಅಷ್ಟರಲ್ಲಿ ಫೋನಿನಲ್ಲಿ ಬೆರಳು ಸರಿಸಿ ಮುಂದಿನ ಫೋಟೋಕ್ಕೆ ಹೋಗಿದ್ದರು. ಒಮ್ಮೆ ಫೋನ್ ನೋಡಿದರು, ಒಮ್ಮೆ ಹಾರ ಹಿಡಿದು ನಿಂತ ಗಣಪಯ್ಯನವರನ್ನು ನೋಡಿದರು.

"ಗಣಪಯ್ಯ, ಕಾಶಿಯಲ್ಲಿ ಅಲೆ ಜೋರಿತ್ತಾ?"

ಹಿಂದೆ ನಿಂತವರ ಹಲ್ಲುಕಚ್ಚು ಅಲ್ಲಿಗೆ ಸಡಿಲವಾಯಿತು. ಸತ್ತವರ ಅಂಗಳದಲ್ಲಿ ಅಷ್ಟು ನಗು ನಾನು ಕೇಳಿದ್ದು ಅದೊಂದೇ ಸಲ. ಗಣಪಯ್ಯ ಹಾರವನ್ನು ಯಾರ ಕೈಗೂ ಕೊಡದೆ, ಹಿಡಿದುಕೊಂಡೇ ನಡೆದು ವಾಪಸ್ಸು ಹೋದರು. ಆರು ಕಿಲೋಮೀಟರ್ ನಡೆದರಂತೆ. ಬಂದವರಿಗೆಲ್ಲ ಪ್ರೇಮಕುಮಾರಿ ಕಡುಬು ಬಡಿಸಿದರು. ತಿಂದು ಮುಗಿಸುವವರೆಗೂ ಸ್ವೆಟರಿನ ಮಾತು ಬಿಡಲಿಲ್ಲ.

ಮೂಕಾಂಬಿಕಾ ಅವರಿಗೆ ಸುದ್ದಿ ಸಿಕ್ಕಿದ್ದು ಮೂಡಿಗೆರೆಯಿಂದ ಬರುವ ಬಸ್ಸಿನಲ್ಲಿ. ಪರಮೇಶ್ವರಪ್ಪನವರು ಹೋದರಂತೆ ಎಂದು ಪಕ್ಕದ ಸೀಟಿನವರು ಹೇಳಿದರು. ಮಾರ್ಕರ್ ತಂದಿಟ್ಟಿದ್ದರೋ ಇಲ್ಲವೋ ಎಂಬುದೇ ಮೊದಲು ತಲೆಗೆ ಬಂತಂತೆ. ಆ ಫೋಟೋದ ವಿಷಯ ಯಾರಿಗೂ ಹೇಳದೆ ಕೂತಿದ್ದು, ಮಧ್ಯಾಹ್ನ ಮನೆಯ ಮುಂದೆ ಇಳಿದು ನೋಡುತ್ತಾರೆ, ಇಡೀ ಬೇಲಿ ಗಾಳಿಗೆ ಪಟಪಟ ಎನ್ನುತ್ತಿದೆ.

ಅವರು ಬೈಯಲಿಲ್ಲ. ಬ್ಯಾಗು ಕೆಳಗಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಒಂದು ಗೂಟದಿಂದ ಬಿಚ್ಚಲು ಶುರುಮಾಡಿದರು. ಪಾಪಮ್ಮ ಹಿಂದೆಯೇ ಓಡಾಡುತ್ತ, "ನನಗೆ ಎಂತ ಗೊತ್ತು ಮಾರಾಯ್ತಿ, ನೀವೇ ಕಸ ಅಂದ್ರಲ್ಲ. ನವಿಲು ಒಂದೂ ಬರ್ಲಿಲ್ಲ, ಅದೊಂದು ಒಪ್ಕೊಳ್ಳಿ," ಎನ್ನುತ್ತಿದ್ದರು. ಬಿಚ್ಚಿದ್ದನ್ನೆಲ್ಲ ಬಚ್ಚಲೊಲೆಗೆ ತುಂಬಿ ಸುಟ್ಟರು. ಆ ನಾತ ಎರಡು ದಿನ ಬೀದಿಯಲ್ಲಿತ್ತು. ಬಾಗಿಲಿನ ರಟ್ಟನ್ನೂ ತೆಗೆದುಹಾಕಿದರು. ಮೂಕಾಂಬಿಕಾ ಅವರ ನುಣುಪು ಕೆನ್ನೆಯ ಫೋಟೋವನ್ನು ವಿಶ್ವನಾಥ್ ತನ್ನ ಶೋಕೇಸಿನಲ್ಲಿ ಅಂಟಿಸಿದ. ಅವರು ಆ ದಾರಿಯಲ್ಲಿ ಹೋಗುವಾಗ ತಲೆ ತಿರುಗಿಸಲಿಲ್ಲ, ತಗ್ಗಿಸಲೂ ಇಲ್ಲ.

ಎಂಟು ದಿನ ಅವರ ಮನೆಗೆ ಒಬ್ಬರೂ ಬರಲಿಲ್ಲ. ಒಂಬತ್ತನೇ ದಿನ ಅವರು ಬಾಡಿಗೆ ಜೀಪಿನ ಗುರುವಯ್ಯನನ್ನು ಕರೆದು ಎಸ್ಟೇಟಿಗೆ ಹೋದರು. ಅಲ್ಲಿ ಆದ ಮಾತನ್ನು ನನಗೆ ಹೇಳಿದವರು ಪರಮೇಶ್ವರಪ್ಪನವರು. ಮೂಕಾಂಬಿಕಾ ಹೇಳುತ್ತಾರೆಯೇ?

"ಕ್ಷಮೆ ಕೇಳೋಕೆ ಬಂದೆ," ಎಂದರಂತೆ, ಕೂರುವ ಮೊದಲೇ.

"ಎಂತಕ್ಕೆ? ನೂರಕ್ಕೂ ಹೆಚ್ಚು ಜನ ಬಂದಿದ್ರು. ನಿಜವಾಗಿ ಸತ್ತಾಗ ಇಷ್ಟು ಬರ್ತಾರೋ ಇಲ್ವೋ. ಕೂತ್ಕೊಳ್ಳಿ." ಕಾಫಿ ಬಂತು. ಒಂದು ಗುಟುಕು ಕುಡಿದು ಪರಮೇಶ್ವರಪ್ಪನವರು ಕೇಳಿದರು, "ತೊಂಬತ್ತೊಂದರಲ್ಲಿ ಮಲ್ಲಂದೂರಿಗೆ, ನಮ್ಮ ಅಣ್ಣನಿಗೆ ಒಂದು ಕಾಲ್ ಮಾಡಿದ್ದೆ. ನೆನಪಿದೆಯಾ?"

"ಇಲ್ಲ."

"ಸುಳ್ಳು."

ಮೂಕಾಂಬಿಕಾ ಲೋಟ ಕೆಳಗಿಟ್ಟರು. "ಎರಡು ಕಾಲ್ ಮಾಡಿದ್ರಿ," ಎಂದರು.

ಅಣ್ಣತಮ್ಮಂದಿರ ಜಗಳ ಶುರುವಾದದ್ದು ನಾಯಿಯಿಂದ. ಪರಮೇಶ್ವರಪ್ಪನವರು ಊಟಿಯಿಂದ ತರಿಸಿದ್ದ ಜಾತಿ ನಾಯಿಗೆ, ಅಣ್ಣ ಜೀಪಿನಲ್ಲಿ ಕರೆತಂದಿದ್ದ ಕಂತ್ರಿ ನಾಯಿಯಿಂದ ಐದು ಮರಿಯಾದವು. ಮೊದಲ ಕಾಲಿನಲ್ಲಿ ಅವರು ಅಣ್ಣನಿಗೆ, ನೀನು ಸತ್ತರೂ ನಿನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದರು. ಅರ್ಧ ಗಂಟೆಯಲ್ಲಿ ಸಿಟ್ಟು ಇಳಿದು ಇನ್ನೊಂದು ಅರ್ಜೆಂಟ್ ಕಾಲ್ ಬುಕ್ ಮಾಡಿದರು.

"ಭಾನುವಾರ ಬಾ, ಕಳಲೆ ಪಲ್ಯ ಮಾಡಿಸ್ತೀನಿ, ಒಂದು ಮರಿ ತಗೊಂಡು ಹೋಗು ಅಂದೆ. ಆ ಕಡೆಯಿಂದ ಬರೀ ಗೊರಗೊರ. ಕೇಳಿಸ್ತೋ, ಬೇಕಂತಲೇ ಸುಮ್ನಿದ್ನೋ ಗೊತ್ತಾಗ್ಲಿಲ್ಲ. ಫೋನ್ ಕುಕ್ಕಿಬಿಟ್ಟೆ. ಶನಿವಾರ ಬೆಳಗ್ಗೆ ಅಣ್ಣ ಕೂತಲ್ಲೇ ಹೋದ."

"ಕೇಳಿಸಿತ್ತು," ಎಂದರು ಮೂಕಾಂಬಿಕಾ. "ನಿಮ್ಮ ಕಡೆಗೆ ಲೈನ್ ಸತ್ತಿತ್ತು. ನನಗೆ ಅವರ ದನಿ ಬರ್ತಿತ್ತು. ನನ್ನ ಹತ್ರಾನೇ ಹೇಳಿದ್ರು. ಬರ್ತೀನಿ ಅನ್ನಿ ಆ ಕತ್ತೆಗೆ, ಎರಡು ಮರಿ ತೆಗೆದಿಡೋಕೆ ಹೇಳಿ, ಅಂದ್ರು."

"ಹೇಳ್ಲಿಲ್ಲ ನೀವು."

"ಲೈನಲ್ಲಿ ಕೇಳಿದ್ದು ಲೈನಲ್ಲೇ ಬಿಡ್ಬೇಕು ಅಂತ ನನ್ನ ರೂಲು. ಹೇಗಿದ್ರೂ ಭಾನುವಾರ ಅವರೇ ಬರ್ತಾರಲ್ಲ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ಪರಮೇಶ್ವರಪ್ಪನವರು ಎದ್ದು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದರು.

"ಕತ್ತೆ ಅಂದ್ನಾ?"

"ಎರಡು ಸಲ."

"ಎರಡು ಸಲಾನಾ!" ಎಂದು ನಕ್ಕರು. ನಗುತ್ತಿದ್ದಂತೆಯೇ ದನಿ ಏರಿತು. "ಇಷ್ಟು ವರ್ಷ ರೀ! ಒಂದು ಮಾತು ಹೇಳೋಕೆ ನಿಮಗೆ ಇಷ್ಟು ವರ್ಷ ಬೇಕಾಯ್ತಾ?" ಕ್ಷಮಿಸಿದೆ ಎಂದು ಪರಮೇಶ್ವರಪ್ಪನವರು ಹೇಳಲಿಲ್ಲ; ಈವರೆಗೂ ಹೇಳಿಲ್ಲವಂತೆ. ಆದರೆ ಆ ದಿನದಿಂದ ಮನೆಗೆ ಬಂದವರಿಗೆಲ್ಲ, ಅಣ್ಣ ತನ್ನನ್ನು ಎರಡು ಸಲ ಕತ್ತೆ ಎಂದದ್ದನ್ನು ಬಿರುದು ಬಂದ ಹಾಗೆ ಹೇಳಿಕೊಳ್ಳುತ್ತಾರೆ.

ವಾಪಸ್ಸು ಬರುವಾಗ ಗುರುವಯ್ಯ ಇಳಿಜಾರಿನಲ್ಲಿ ಜೀಪು ನಿಧಾನ ಮಾಡಿ ಕೇಳಿ ನೋಡಿದ. "ಎಂತ ಅಷ್ಟು ಹೊತ್ತು ಮಾತು? ಸಾಹುಕಾರ್ರು ಒಮ್ಮೆ ನಗ್ತಿದ್ರು, ಒಮ್ಮೆ ಕೂಗ್ತಿದ್ರು."

"ಮುಂದೆ ದನ ಇದೆ, ನೋಡ್ಕೊಂಡು ಓಡ್ಸು."

ದನ ದಾಟಿದ ಮೇಲೆ ಅವನು ಇನ್ನೊಂದು ಮಾತು ತೆಗೆದ. "ನನ್ನ ಲೈಸೆನ್ಸ್ ಮುಗೀತಾ ಬಂತು ಅಮ್ಮಾ. ಒಂದು ಫೋಟೋ ಬೇಕಿತ್ತು. ಮಷೀನು ಇನ್ನೂ ಇದೆಯಾ?"

"ಇದೆ."

"ಯಾವಾಗ ಬರ್ಲಿ?"

"ನಾಳೆ ಹತ್ತು ಗಂಟೆ ಮೇಲೆ ಬಾ," ಎಂದರು ಮೂಕಾಂಬಿಕಾ. "ಗಡ್ಡ ತೆಗೆಸ್ಕೊಂಡು ಬಾ."